ಯಾರದೋ ತಲೆ, ಯಾರದೋ ಕಾಲು

ನಮ್ಮ ಮನೆಯ ಮೊರ ಎರಡು ತಿಂಗಳು ನನ್ನ ವಶದಲ್ಲಿತ್ತು. ಅಮ್ಮನಿಗೆ ಅದೇ ಸಿಟ್ಟು. ಅಕ್ಕಿ ಆರಿಸುವ ಮೊರದಲ್ಲಿ ನಲವತ್ತೆರಡು ವರ್ಷದ ಮಗ ಕತ್ತಿ, ಗುರಾಣಿ, ತಲೆ, ಗಡ್ಡ ಎಲ್ಲ ಹರವಿಕೊಂಡು ಕೂತಿದ್ದರೆ ಯಾವ ತಾಯಿಗೆ ತಾನೇ ಸಮಾಧಾನ ಇರುತ್ತೆ ಹೇಳಿ. ಗಡ್ಡ ಅಂದದ್ದು ಬಾಯಿ ತಪ್ಪಿ ಅಲ್ಲ. ಲೆಗೊ ಅಂದರೆ ಒಂದಕ್ಕೊಂದು ಒತ್ತಿ ಜೋಡಿಸೋ ಪ್ಲಾಸ್ಟಿಕ್ ಆಟಿಕೆ, ಅದರ ಕುಳ್ಳ ಗೊಂಬೆಗಳಿಗೆ ಗಡ್ಡ ಅನ್ನೋದೇ ಬೇರೆ ಪೀಸು. ತಲೆ ಕಿತ್ತು, ಕುತ್ತಿಗೆಗೆ ಗಡ್ಡ ತೊಡಿಸಿ, ಮತ್ತೆ ತಲೆ ಒತ್ತಿದರೆ ಮುಗೀತು.

ಈ ಕುಳ್ಳರು ನನಗೆ ಸಿಕ್ಕಿದ್ದು ಕಿಲೋ ಲೆಕ್ಕದಲ್ಲಿ. ಬೆಂಗಳೂರಿನಲ್ಲಿ ಒಬ್ಬರು ಮನೆ ಖಾಲಿ ಮಾಡುತ್ತಿದ್ದರು, ಮಗ ದೊಡ್ಡವನಾಗಿ ಹೊರದೇಶಕ್ಕೆ ಹೋಗಿದ್ದನಂತೆ, ಅವನು ಆಡಿ ಬಿಟ್ಟದ್ದೆಲ್ಲ ಒಂದು ಅಕ್ಕಿ ಚೀಲದಲ್ಲಿ ಬಿದ್ದಿತ್ತು. ತೂಗಿ ನೋಡಿದರೆ ಎರಡೂವರೆ ಕಿಲೋ. ಕೋಟೆ ಗೋಡೆ, ಕುದುರೆ, ಅಸ್ಥಿಪಂಜರದ ಸೈನಿಕರು, ಹಸಿರು ಮೈಯ ರಾಕ್ಷಸರು, ಕುಳ್ಳರು, ಎಲ್ಲ ಕಲಸುಮೇಲೋಗರ. ಲೆಗೊದವರು 2007ರಿಂದ ಎರಡು ಮೂರು ವರ್ಷ ಈ ಥರದ ಮಾಯಾಲೋಕದ ಕೋಟೆಗಳನ್ನು ಮಾಡಿದ್ದರು. ಚೀಲದಲ್ಲಿದ್ದದ್ದು ಆ ಕಾಲದ್ದು. ನನ್ನ ಕಣ್ಣಿಗೆ ಅದು ನಿಧಿ. ಬಸ್ಸಿನಲ್ಲಿ ಚಿಕ್ಕಮಗಳೂರಿನವರೆಗೂ ಚೀಲವನ್ನು ತೊಡೆ ಮೇಲೆ ಇಟ್ಟುಕೊಂಡೇ ಬಂದೆ. ಪಕ್ಕದವರು 'ಏನು ಸಾರ್, ಅವರೆಕಾಳಾ?' ಅಂತ ಕೇಳಿದರು. ಹೂಂ ಅಂದೆ.

ಮೊರದ ಯೋಚನೆ ಬಂದದ್ದು ಆಫೀಸಿನಿಂದ. ನಾನು ಲೆಕ್ಕ ಬರೆಯೋದು ಒಂದು ಕಾಫಿ ಕ್ಯೂರಿಂಗ್‌ನಲ್ಲಿ, ಅಂದರೆ ಕಾಫಿ ಬೀಜ ಹದ ಮಾಡಿ ವಿಂಗಡಿಸೋ ಕಾರ್ಖಾನೆಯಲ್ಲಿ. ಅಲ್ಲಿ ಹಗಲೆಲ್ಲ ವಿಂಗಡಣೆಯದ್ದೇ ಕೆಲಸ. ಜರಡಿಯಲ್ಲಿ ಹಾದು ದಪ್ಪ ಬೀಜ ಒಂದು ಕಡೆ, ಸಣ್ಣದು ಒಂದು ಕಡೆ, ಪೀಬೆರಿ ಅನ್ನೋ ದುಂಡು ಒಂಟಿ ಬೀಜ ಬೇರೆ, ಬಿಟ್ಸ್ ಅನ್ನೋ ಚೂರು ಬೇರೆ. ಎಷ್ಟು ಯಂತ್ರ ಬಂದರೂ ಕಪ್ಪು ಬೀಜ, ಒಡಕು ಬೀಜವನ್ನು ಕೈಯಲ್ಲಿ ಆರಿಸೋದು ಇನ್ನೂ ಇದೆ. ಅದಕ್ಕೆ ಗಾರ್ಬ್ಲಿಂಗ್ ಅನ್ನುತ್ತಾರೆ. ಸಾಲಾಗಿ ಕೂತ ಹೆಂಗಸರು ಸೊಸೆಯಂದಿರ ವಿಷಯ ಮಾತಾಡುತ್ತಾ ಮಾತಾಡುತ್ತಾ ಆರಿಸುತ್ತಾರೆ. ಕಣ್ಣು ಎಲ್ಲೋ ಇದ್ದರೂ ಬೆರಳು ತಪ್ಪಲ್ಲ. ನಾನು ಸಂಜೆ ಮನೆಗೆ ಬಂದು ಮಾಡೋದೂ ಗಾರ್ಬ್ಲಿಂಗೇ. ಕೂಲಿ ಸಿಗಲ್ಲ ಅಷ್ಟೇ.

ಮೊದಲು ಬಣ್ಣದ ಪ್ರಕಾರ ವಿಂಗಡಿಸಿದೆ. ನೋಡೋಕೆ ಚೆಂದ, ಬಳಸೋಕೆ ದರಿದ್ರ. ಕಪ್ಪು ಪೀಸುಗಳ ರಾಶಿಯಲ್ಲಿ ಒಂದು ಸಣ್ಣ ಕಪ್ಪು ಕತ್ತಿ ಹುಡುಕಿ ನೋಡಿ, ಆಗ ಗೊತ್ತಾಗುತ್ತೆ. ಆಕಾರದ ಪ್ರಕಾರ ಇಡಬೇಕು. ಕತ್ತಿಗಳೆಲ್ಲ ಒಂದು ಕಡೆ ಇದ್ದರೆ ಬಣ್ಣ ತಾನಾಗಿ ಕಣ್ಣಿಗೆ ಬೀಳುತ್ತೆ. ಈ ಸಣ್ಣ ಬುದ್ಧಿ ಬರೋಕೆ ನನಗೆ ಮೂರು ಭಾನುವಾರ ಬೇಕಾಯಿತು. ಈಗ ತಲೆಗಳು ಹಾರ್ಲಿಕ್ಸ್ ಬಾಟಲಿಯಲ್ಲಿವೆ. ರಾತ್ರಿ ನೀರು ಕುಡಿಯೋಕೆ ಎದ್ದ ಹೆಂಡತಿ ಆ ಬಾಟಲಿ ನೋಡಿ ಒಂದು ಸಲ ಕಿರುಚಿದ್ದೂ ಉಂಟು. ನೂರಾರು ಹಳದಿ ಮುಖಗಳು ಗಾಜಿಗೆ ಒತ್ತಿಕೊಂಡು ನಗುತ್ತಿದ್ದರೆ ಇನ್ನೇನು ಮಾಡುತ್ತಾಳೆ ಪಾಪ.

ಆ ನಗುವಿನದ್ದೇ ಒಂದು ಕಥೆ. ಕೈಕಾಲು ಆಡಿಸೋ ಈ ಪುಟ್ಟ ಮನುಷ್ಯ, ಅಂದರೆ ಮಿನಿಫಿಗರ್, ಬಂದದ್ದು 1978ರಲ್ಲಿ. ಅದೇ ವರ್ಷ ಹದಿನಾಲ್ಕು ಜನ ಇದ್ದ ಒಂದು ಹಳದಿ ಕೋಟೆಯೂ ಬಂತು. ಆಗಿನವರಿಗೆಲ್ಲ ಒಂದೇ ಮುಖ. ಎರಡು ಕಪ್ಪು ಚುಕ್ಕೆ, ಕೆಳಗೆ ಒಂದು ನಗು. ಈಟಿ ಹಿಡಿದವನೂ ನಗುತ್ತಾನೆ, ಆ ಈಟಿ ಚುಚ್ಚಿಸಿಕೊಳ್ಳೋನೂ ನಗುತ್ತಾನೆ. 1989ರಲ್ಲಿ ಕಡಲ್ಗಳ್ಳರು ಬಂದ ಮೇಲೆ ಮೀಸೆ, ಕುರುಚಲು ಗಡ್ಡ, ಒಂದು ಕಣ್ಣಿಗೆ ಪಟ್ಟಿ ಎಲ್ಲ ಶುರುವಾಯಿತು. ಈಗಂತೂ ಎಷ್ಟೋ ತಲೆಗಳಿಗೆ ಎರಡು ಮುಖ. ಮುಂದೆ ಶೂರ, ಕೂದಲು ತೆಗೆದು ತಿರುಗಿಸಿದರೆ ಹಿಂದೆ ಹೆದರಿ ಹಲ್ಲು ಕಿರಿದ ಮುಖ. ನಮ್ಮ ಆಫೀಸಿನಲ್ಲಿ ಕೆಲವರಿಗೆ ಕೂದಲು ತೆಗೆಯೋ ತೊಂದರೆಯೂ ಇಲ್ಲ ಬಿಡಿ.

ಇನ್ನೊಂದು ವಿಷಯ ನನಗೆ ಈಗಲೂ ಸೋಜಿಗ. ಡೆನ್ಮಾರ್ಕಿನ ಬಿಲುಂಡ್ ಅನ್ನೋ ಊರಿನಲ್ಲಿ 1932ರಲ್ಲಿ ಒಬ್ಬ ಬಡಗಿ ಮರದ ಆಟಿಕೆ ಮಾಡೋಕೆ ಶುರು ಮಾಡಿದ. ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ ಅಂತ, ಲೆಗೊ ಕಂಪನಿ ಹುಟ್ಟುಹಾಕಿದವನು. ಈಗ ನಾವು ನೋಡೋ ಥರದ ಇಟ್ಟಿಗೆಗೆ, ಅಂದರೆ ಮೇಲೆ ಉಬ್ಬು ಕೆಳಗೆ ಕೊಳವೆ ಇರೋದಕ್ಕೆ, 1958ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಅವತ್ತಿನ ಇಟ್ಟಿಗೆ ಇವತ್ತಿನದಕ್ಕೆ ಟಕ್ ಅಂತ ಕೂರುತ್ತೆ. ನಮ್ಮ ಮನೆಯ ಮಿಕ್ಸಿ ಜಾರಿನ ಮುಚ್ಚಳ ಒಡೆದು ಹೋದಾಗ ಐದೇ ವರ್ಷದ ಹಳೇ ಮಾಡೆಲ್ಲಿಗೆ ಮುಚ್ಚಳ ಸಿಗದೆ ಇಡೀ ಎಂ.ಜಿ. ರಸ್ತೆ ಸುತ್ತಿದ್ದೇನೆ.

ಹೊಸ ಸೆಟ್ಟು ನಾನು ಕೊಳ್ಳೋದು ಕಡಿಮೆ. ಆಸೆ ಇಲ್ಲ ಅಂತಲ್ಲ. 2022ರಲ್ಲಿ ಲಯನ್ ನೈಟ್ಸ್ ಕ್ಯಾಸಲ್ ಅಂತ ಒಂದು ದೊಡ್ಡ ಕೋಟೆ ಬಂತು. 4,514 ಪೀಸು, 22 ಜನ. ಅಮೆರಿಕದಲ್ಲಿ 400 ಡಾಲರ್. ಅದನ್ನು ರೂಪಾಯಿಗೆ ತಿರುಗಿಸಿ, ನನ್ನ ಸಂಬಳದ ಪಕ್ಕ ಇಟ್ಟು ನೋಡಿ, ಫೋನನ್ನು ಮಗುಚಿ ಇಟ್ಟೆ. ನನ್ನದು ಬಿಡಿ ಗೊಂಬೆಗಳ ಯೋಗ್ಯತೆ. 2010ರಿಂದ ಮುಚ್ಚಿದ ಪ್ಯಾಕೆಟಿನಲ್ಲಿ ಒಂದೊಂದೇ ಗೊಂಬೆ ಬರೋಕೆ ಶುರುವಾಯಿತು, ಒಳಗೆ ಯಾರಿದ್ದಾರೆ ಅಂತ ಒಡೆದ ಮೇಲೇ ಗೊತ್ತಾಗೋದು. ಆದರೆ ಅದು ಮೆತ್ತಗಿನ ಪ್ಯಾಕೆಟು. ಬೆಂಗಳೂರಿಗೆ ಹೋದಾಗ ಮಾಲಿನ ಅಂಗಡಿಯಲ್ಲಿ ನಿಂತು ಒಂದೊಂದನ್ನೂ ಹಿಚುಕಿ ನೋಡುತ್ತಿದ್ದೆ. ಮೊನಚು ಟೋಪಿ ಸಿಕ್ಕಿದರೆ ಮಂತ್ರವಾದಿ, ರೆಕ್ಕೆ ಸಿಕ್ಕಿದರೆ ಯಕ್ಷಿಣಿ. ಸಂತೆಯಲ್ಲಿ ಅವರೆಕಾಯಿ ಒತ್ತಿ ನೋಡಿ ಅಭ್ಯಾಸ ಇರೋ ಬೆರಳು ನಮ್ಮದು, ಸುಲಭಕ್ಕೆ ಮೋಸ ಹೋಗಲ್ಲ. ಸೆಕ್ಯುರಿಟಿಯವನು ಹತ್ತಿರ ಬಂದು ನಿಂತ. 'ಮಗಳಿಗೆ' ಅಂದೆ. 2023ರಲ್ಲಿ ಕಂಪನಿಯವರು ಪ್ಯಾಕೆಟು ಬಿಟ್ಟು ರಟ್ಟಿನ ಡಬ್ಬಿ ಮಾಡಿದರು. ಹಿಚುಕೋ ವಿದ್ಯೆ ಅಲ್ಲಿಗೆ ಮಣ್ಣುಪಾಲು.

ಮಗಳ ಹೆಸರು ಹೇಳೋದು ನನ್ನ ಹಳೇ ಚಾಳಿ. ಮನೆಗೆ ಬಂದವರು ಕಪಾಟು ನೋಡಿ 'ಮಗಳದ್ದಾ?' ಅಂತಾರೆ, ನಾನು ತಲೆ ಆಡಿಸುತ್ತೇನೆ. ಹದಿಮೂರು ವರ್ಷದ ಅವಳಿಗೆ ಇದರ ಮೇಲೆ ಕಿಂಚಿತ್ತೂ ಆಸಕ್ತಿ ಇಲ್ಲ. 'ಅಪ್ಪ, ಇನ್ನೊಂದು ಸಲ ನನ್ನ ಹೆಸರು ಹೇಳಿದ್ರೆ ಐವತ್ತು ರೂಪಾಯಿ' ಅಂತ ದರ ಗೊತ್ತು ಮಾಡಿದ್ದಾಳೆ. ಗಣಪತಿ ಹಬ್ಬದ ದಿನ ಒಂದೇ ಮಧ್ಯಾಹ್ನಕ್ಕೆ ಇನ್ನೂರು ಕಳೆದುಕೊಂಡೆ. ಅದೇ ಅಮ್ಮನನ್ನು ನೋಡಿ. ಎಪ್ಪತ್ತು ದಾಟಿದೆ. ದಸರೆ ಬಂತು ಅಂದರೆ ಟ್ರಂಕಿನಿಂದ ಹಳೇ ಪಂಚೆಯಲ್ಲಿ ಸುತ್ತಿಟ್ಟ ಗೊಂಬೆಗಳನ್ನು ತೆಗೆದು, ಒರೆಸಿ, ಮೆಟ್ಟಿಲು ಕಟ್ಟಿ ಕೂರಿಸುತ್ತಾಳೆ. ಈ ವಯಸ್ಸಲ್ಲಿ ನಿಮಗ್ಯಾಕಮ್ಮ ಗೊಂಬೆ ಅಂತ ಅವಳನ್ನು ಯಾರಾದರೂ ಕೇಳಿದ್ದಾರಾ? ಚರುಪು ತಿಂದು ಹೊಗಳಿ ಹೋಗುತ್ತಾರೆ. ನನಗೂ ಒಂದು ಚರುಪು ಹಂಚೋ ಏರ್ಪಾಡು ಬೇಕಿತ್ತು ಅನ್ನಿಸುತ್ತೆ.

ಸಂಗ್ರಹ ಮಾಡೋರಲ್ಲಿ ಮಡಿವಂತರಿದ್ದಾರೆ. ಡಬ್ಬಿ ಬೇಕು, ಪುಸ್ತಕ ಬೇಕು, ಇವನ ಕತ್ತಿ ಇವನ ಕೈಯಲ್ಲೇ ಇರಬೇಕು, ಇಲ್ಲದಿದ್ದರೆ ಬೆಲೆ ಇಲ್ಲ. ನಾನೂ ಮೊದಲು ಹಾಗೇ ಇದ್ದೆ. ಡಬ್ಬಿಗಳನ್ನು ಅಟ್ಟದ ಮೇಲೆ ಜೋಪಾನ ಮಾಡಿದೆ. ನಮ್ಮ ಕಡೆಯ ಮಳೆ ಗೊತ್ತಲ್ಲ, ಜೂನಿನಲ್ಲಿ ಹಿಡಿದರೆ ಬಟ್ಟೆ ಒಣಗಲ್ಲ, ಚಪ್ಪಲಿಗೂ ಬೂಷ್ಟು ಬರುತ್ತೆ. ಆಗಸ್ಟಿನಲ್ಲಿ ಅಟ್ಟ ಹತ್ತಿ ನೋಡಿದರೆ ಡಬ್ಬಿಗಳೆಲ್ಲ ಬೂಷ್ಟು ಹಿಡಿದು ಮೆತ್ತಗಾಗಿವೆ. ಒಳಗಿನ ಪ್ಲಾಸ್ಟಿಕ್ಕಿಗೆ ಏನೂ ಆಗಿರಲಿಲ್ಲ, ತೊಳೆದರೆ ಹೊಸದೇ. ಎಲ್ಲ ಡಬ್ಬಿಯನ್ನೂ ಹಂಡೆ ಒಲೆಗೆ ಹಾಕಿದೆ. ಹಸಿ ರಟ್ಟು, ಸರಿಯಾಗಿ ಉರಿಯಲೂ ಇಲ್ಲ. ಆದರೂ ಅವತ್ತು ಮೀಯುವಾಗ ಏನೋ ಒಂದು ಥರ ಹಗುರ.

ಆಮೇಲೆ ನಾನು ಕೆಟ್ಟೆ. ರಾಕ್ಷಸನ ತಲೆಗೆ ಯಕ್ಷಿಣಿಯ ರೆಕ್ಕೆ, ಅಸ್ಥಿಪಂಜರದ ಮೇಲೆ ರಾಜನ ಕಿರೀಟ. ಕುಳ್ಳನ ಗಿಡ್ಡ ಕಾಲು ಮಡಚೋಕೆ ಬರಲ್ಲ, ಪಾಪ ಕೂರೋ ಯೋಗವೇ ಇಲ್ಲ ಅವನಿಗೆ, ಅದಕ್ಕೆ ಅವನಿಗೊಂದು ಉದ್ದ ಕಾಲು ಹಾಕಿ ಕುರ್ಚಿಯಲ್ಲಿ ಕೂರಿಸಿದೆ. ಇದು ತಪ್ಪೋ ಸರಿಯೋ ಅನ್ನೋ ಅಳುಕು ಸ್ವಲ್ಪ ಇತ್ತು. ಅದು ಹೋದದ್ದು ಹಳೇಬೀಡಿನಲ್ಲಿ. ನೆಂಟರು ಬಂದಿದ್ದರು, ತೋರಿಸೋಕೆ ಕರೆದುಕೊಂಡು ಹೋಗಿದ್ದೆ. ನೂರು ಸಲ ನೋಡಿದ ಗೋಡೆ. ಕೆಳಗೆ ಆನೆ ಸಾಲು, ಅದರ ಮೇಲೆ ಸಿಂಹ, ಕುದುರೆ, ಪುರಾಣದ ಕಥೆ, ಅದರ ಮೇಲೆ ಮಕರ, ಮೇಲೆ ಹಂಸ. ಗೈಡು ಮಕರದ ಹತ್ತಿರ ನಿಂತು ಬೆರಳು ಮಡಚಿದ: ಆನೆಯ ಸೊಂಡಿಲು, ಮೊಸಳೆಯ ಬಾಯಿ, ಹಂದಿಯ ಕಿವಿ, ಸಿಂಹದ ಕಾಲು, ನವಿಲಿನ ಬಾಲ. ನೆಂಟರು ಫೋಟೊ ತೆಗೆದು ಹಂಸಕ್ಕೆ ಹೋದರು. ನಾನು ಅಲ್ಲೇ ನಿಂತೆ. ಇಷ್ಟು ವರ್ಷ ಇದನ್ನು ಒಂದೇ ಪ್ರಾಣಿ ಅಂತ ನೋಡಿದ್ದೆನಲ್ಲ! ಹನ್ನೆರಡನೇ ಶತಮಾನದಲ್ಲಿ ಯಾವನೋ ಶಿಲ್ಪಿ ಪ್ರಪಂಚದಲ್ಲಿರೋ ಪ್ರಾಣಿಗಳನ್ನೆಲ್ಲ ಮೊರಕ್ಕೆ ಹಾಕಿ, ಬೇಕಾದ್ದು ಆರಿಸಿ, ಜೋಡಿಸಿ ಕೂರಿಸಿದ್ದಾನೆ. ನವಿಲಿನ ಬಾಲ ನವಿಲಿಗೇ ಇರಬೇಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಅವನು ಕೇಳುತ್ತಿರಲಿಲ್ಲ ಬಿಡಿ.

ಅಮ್ಮ ಮಾತ್ರ ಇದನ್ನೆಲ್ಲ ನೋಡೋದೇ ಇಲ್ಲ. ಕಪಾಟಿನ ಮುಂದೆ ಹಾದು ಹೋಗುವಾಗ ಮುಖ ಆ ಕಡೆ. ಒಬ್ಬ ಕುಳ್ಳನ ಕಂದು ಗಡ್ಡ ಕಳೆದು ಹೋಗಿ ತಿಂಗಳಾಗಿತ್ತು. ಮಂಚದ ಕೆಳಗೆ, ಪೊರಕೆಯಲ್ಲಿ, ಸೋಫಾದ ಸಂದಿಯಲ್ಲಿ ಎಲ್ಲ ಹುಡುಕಿ, ಸಿಗದೆ, ಇನ್ನೊಬ್ಬನ ಕೆಂಪು ಗಡ್ಡ ಅವನಿಗೆ ಹಾಕಿ ಸುಮ್ಮನಾಗಿದ್ದೆ.

ಕಳೆದ ಭಾನುವಾರ ಅಮ್ಮ ಜಗಳ ಮಾಡಿ ಮೊರ ಕಿತ್ತುಕೊಂಡಳು. ಜಗಲಿಯಲ್ಲಿ ಕೂತು ರಾಜಮುಡಿ ಅಕ್ಕಿ ಕೇರಿ, ಆರಿಸೋಕೆ ಶುರು ಮಾಡಿದಳು. ಸ್ವಲ್ಪ ಹೊತ್ತಿಗೆ ಕೂಗಿದಳು.

'ಲೋ, ಬಾ ಇಲ್ಲಿ. ಹುಳ ಅಂದ್ಕೊಂಡು ಎಸೀತಿದ್ದೆ.'

ಅಂಗೈಯಲ್ಲಿ ಎರಡು ಕಲ್ಲು, ಒಂದು ಭತ್ತ, ಪಕ್ಕದಲ್ಲಿ ಕಂದು ಗಡ್ಡ. ಮೊರದ ಹೆಣಿಗೆ ಸಂದಿಯಲ್ಲಿ ಸಿಕ್ಕಿಕೊಂಡಿತ್ತೇನೋ.

'ಇದು ಆ ಮೂರನೇ ಸಾಲಿನ ಕೊಡಲಿ ಹಿಡ್ಕೊಂಡಿರೋನದ್ದಲ್ವೇನೋ?' ಅಂದಳು. 'ಹಾಕು ಅವನಿಗೆ. ಆ ಕೆಂಪು ಗಡ್ಡ ಅವನ ಮುಖಕ್ಕೆ ಒಂಚೂರೂ ಒಪ್ಪಲ್ಲ.'