ಲಂಡನ್ ಮಾರ್ಕೆಟ್ಟು ಮತ್ತು ಬಟರ್ ಫ್ರೂಟ್ ಮರ

ನಮ್ಮ ಮಡಿಕೇರಿ ಆಫೀಸಿನಲ್ಲಿ ಊಟ ಆದ ಮೇಲೆ ಯಾರಿಗೂ ತೂಕಡಿಕೆ ಬರುವುದಿಲ್ಲ. ಚಳಿಗೆ ಅಂದುಕೊಳ್ಳಬೇಡಿ, ಲಂಡನ್ನಿನಿಂದಾಗಿ. ಅಲ್ಲಿನ ರೋಬಸ್ಟಾ ಕಾಫಿ ಮಾರ್ಕೆಟ್ ತೆರೆಯುವುದು ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 1.30ಕ್ಕೆ. ಅವರ ಚಳಿಗಾಲದಲ್ಲಾದರೆ 2.30ಕ್ಕೆ. ಆ ಹೊತ್ತಿಗೆ ಎಲ್ಲರ ಕಂಪ್ಯೂಟರಿನ ಒಂದು ಮೂಲೆಯಲ್ಲೂ ಕಾಫಿ ರೇಟು ಕೂತಿರುತ್ತದೆ. ಅವರು ಹೇಳುವುದು ಟನ್ನಿಗೆ ಇಷ್ಟು ಡಾಲರ್ ಅಂತ. ಅದನ್ನು ರೂಪಾಯಿ ಮಾಡಿ, 50 ಕೆಜಿ ಮೂಟೆಗೆ ಇಳಿಸಿ, ಮೂಟೆಯಲ್ಲಿ ಎಷ್ಟು ಬೀಜ ಸಿಗುತ್ತದೆ ಎಂಬ ಔಟ್‌ಟರ್ನ್ ಹಾಕಿ, ಮನೆಯಲ್ಲಿಟ್ಟ ಚೆರ್ರಿಗೆ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿಗೆ, ಎಷ್ಟು ಬಂತು ಎಂದು ಹೇಳಲು ನಮ್ಮ ನಾಪೋಕ್ಲಿನಣ್ಣನಿಗೆ ಕ್ಯಾಲ್ಕುಲೇಟರ್ ಬೇಡ. ಆಫೀಸಿನ ಬಿಲ್ ಕೂಡುವಾಗ ಮಾತ್ರ ಅವರೇ ಎರಡೆರಡು ಸಲ ಬೆರಳು ಮಡಿಸುತ್ತಾರೆ.

2024ರಲ್ಲಿ ಚೆರ್ರಿ ಮೂಟೆಗೆ ಹತ್ತು ಸಾವಿರ ದಾಟಿತಲ್ಲ, ಆಗ ನಮ್ಮಲ್ಲಿ ಅರ್ಧ ಎಕರೆ ಇದ್ದವರೂ ಪ್ಲಾಂಟರ್‌ಗಳಂತೆ ನಡೆಯುತ್ತಿದ್ದರು.

ಇಂಥ ಆಫೀಸಿಗೆ ಬೆಂಗಳೂರಿನಿಂದ ಹೊಸ ಮ್ಯಾನೇಜರ್ ಬಂದರು. ಒಳ್ಳೆಯ ಮನುಷ್ಯ. ಆದರೆ ಬರುವಾಗ ಒಂದು ಸಾಫ್ಟ್‌ವೇರ್ ಕೂಡ ತಂದಿದ್ದರು. ಯಾರು ಯಾವ ವೆಬ್‌ಸೈಟಿನಲ್ಲಿ ಎಷ್ಟು ಹೊತ್ತು ಇದ್ದರು ಅಂತ ಅದು ಚಾಡಿ ಹೇಳುತ್ತಿತ್ತು. ಮೊದಲ ವರದಿಯಲ್ಲಿ ದೊಡ್ಡ ಅಪರಾಧಿಯಾಗಿ ಹೊರಬಿದ್ದವರು ಗಾಳಿಬೀಡಿನ ಅಕ್ಕ. ಪಾಪ, ಅವರು ಕೈಲ್‌ಪೊಳ್ದ್ ಹಬ್ಬಕ್ಕೆ ರಜೆ ಹಾಕಿ ಹೋಗಿದ್ದರು. ಕಂಪ್ಯೂಟರ್ ಆಫ್ ಮಾಡಿರಲಿಲ್ಲ. ಅಕ್ಕ ಊರಲ್ಲಿ ಹಬ್ಬ ಮಾಡುತ್ತಿದ್ದಾಗ ಕಂಪ್ಯೂಟರ್ ಒಂದೇ ಕೂತು ಹಗಲು ರಾತ್ರಿ ಕಾಫಿ ರೇಟು ನೋಡಿತ್ತು. ಇನ್ನು ಸೊನ್ನೆ ನಿಮಿಷ ಪಡೆದು ಮೀಟಿಂಗಿನಲ್ಲಿ ಹೊಗಳಿಸಿಕೊಂಡವರು ಸುಂಟಿಕೊಪ್ಪದವರು. ಅವರ ಹಳೇ ಕಂಪ್ಯೂಟರಿನಲ್ಲಿ ಸಾಲಿಟೇರ್ ಇತ್ತು. ಅದನ್ನು ಆಡಲು ಇಂಟರ್ನೆಟ್ ಬೇಕಿಲ್ಲ. ಚಪ್ಪಾಳೆ ತಟ್ಟುವಾಗ ನಮಗೆ ಆದ ಕಷ್ಟ ನಮಗೇ ಗೊತ್ತು.

ವರದಿ ಆದ ಮೇಲೆ ಬೀಗ ಬಿತ್ತು. ಹಣಕಾಸಿನ ಸೈಟುಗಳಿಗೆ ಬೀಗ, ಅಂದರೆ ಕಾಫಿ ರೇಟು ಹೋಯಿತು. ಆಟೋಟಕ್ಕೆ ಬೀಗ, ಅಂದರೆ ಹಾಕಿ ಹೋಯಿತು. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಶುರು ಮಾಡಿದಾಗ ಬಂದದ್ದು 60 ಕುಟುಂಬ. 2024ರಲ್ಲಿ ನಾಪೋಕ್ಲಿನಲ್ಲಿ 360. ಅಷ್ಟು ಮನೆಯವರು ಮೈದಾನಕ್ಕಿಳಿದ ಮೇಲೆ ನಮ್ಮ ಆಫೀಸಿನ ಒಬ್ಬರ ಬಾವನಾದರೂ ಗೋಲ್‌ಕೀಪರ್ ಆಗಿರುವುದಿಲ್ಲವಾ? ಅವರು ಗೋಲು ಬಿಟ್ಟರೋ ಹಿಡಿದರೋ ಅಂತ ಸಂಜೆವರೆಗೆ ಹೊಟ್ಟೆಯಲ್ಲಿಟ್ಟುಕೊಂಡು ಕೂರಬೇಕಾ? ಕೊನೆಗೆ ವೈಫೈ ಪಾಸ್‌ವರ್ಡ್ ಕೂಡ ಬದಲಾಯಿತು.

ಆಗ ಬೆಳಕಿಗೆ ಬಂತು ಬಟರ್ ಫ್ರೂಟ್ ಮರ. ನಮ್ಮದು ದಪ್ಪ ಗೋಡೆಯ ಹಳೇ ಹೆಂಚಿನ ಕಟ್ಟಡ. ಒಳಗೆ ಮೊಬೈಲ್ ಸಿಗ್ನಲ್ ಹೊಕ್ಕುವುದಿಲ್ಲ. ಕಾಂಪೌಂಡಿನ ಮೂಲೆಯ ಆ ಮರದ ಕೆಳಗೆ ಮಾತ್ರ ಎರಡು ಕಡ್ಡಿ ಬರುತ್ತದೆ, ಅದೂ ಸ್ವಲ್ಪ ಪೇಟೆ ಕಡೆ ತಿರುಗಿ ನಿಂತರೆ. ಮೊದಲು ಕೂತಲ್ಲೇ ಅರೆ ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಕೊಡೆ ಹುಡುಕಬೇಕು, ಚಪ್ಪಲಿ ಮೆಟ್ಟಬೇಕು, ಜಾರುವ ಮೆಟ್ಟಿಲು ಇಳಿಯಬೇಕು, ಮರದ ಕೆಳಗೆ ಮೊದಲೇ ನಿಂತಿರುವವರ ಯೋಗಕ್ಷೇಮ ವಿಚಾರಿಸಬೇಕು. ಮಳೆಗಾಲವಾದ್ದರಿಂದ ಮಳೆ ಲೆಕ್ಕವೂ ಆಗಬೇಕು. ನಮ್ಮವರಿಗೆ ಮಳೆ ಅಂದರೆ ಇಂಚು ಮತ್ತು ಸೆಂಟು, ನೂರು ಸೆಂಟಿಗೆ ಒಂದು ಇಂಚು. 'ನಿಮ್ಮಲ್ಲಿ ಎಷ್ಟು?' 'ಮೂರು ಇಂಚು ಎಂಬತ್ತು ಸೆಂಟು.' 'ಅಷ್ಟೇನಾ!' ಎಂದು ಗಾಳಿಬೀಡಿನವರು ಹೇಳಿದರೆ ಮುಗಿಯಿತು, ಉಳಿದವರು ನೆಂಟರ ಊರಿನ ಮಳೆಯನ್ನಾದರೂ ತಂದು ಗೆಲ್ಲಬೇಕು. ವಾಟ್ಸಾಪಿನಲ್ಲಿ ಒಂದು ಸಾಲಲ್ಲಿ ಆಗುತ್ತಿದ್ದ ಈ ಜಗಳಕ್ಕೆ ಈಗ ಕಾಲು ಗಂಟೆ.

ನಾಪೋಕ್ಲಿನಣ್ಣ ಸುಮ್ನೆ ಕೂರುವವರಲ್ಲ. 2009ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದ ಬ್ರೆಂಟ್ ಕೋಕರ್ ಎಂಬುವರು ಮಾಡಿದ ಅಧ್ಯಯನವೊಂದನ್ನು ಮರದ ಕೆಳಗೇ ನಿಂತು ಹುಡುಕಿ ತೆಗೆದರು. ಕೆಲಸದ ನಡುವೆ ಸ್ವಂತಕ್ಕೆ ಇಂಟರ್ನೆಟ್ ನೋಡುವವರು ನೋಡದವರಿಗಿಂತ ಸುಮಾರು ಶೇ. 9ರಷ್ಟು ಜಾಸ್ತಿ ಕೆಲಸ ಮಾಡುತ್ತಾರಂತೆ. ಸಣ್ಣ ಬಿಡುವು ಸಿಕ್ಕರೆ ತಲೆ ಮತ್ತೆ ಕೆಲಸಕ್ಕೆ ಕೂರುತ್ತದೆ ಅನ್ನುವುದು ಅವರ ವಾದ. ಅಣ್ಣ ಅದನ್ನು ಆಫೀಸಿನ ಪ್ರಿಂಟರಿನಲ್ಲೇ, ಕಲರಿನಲ್ಲೇ ತೆಗೆದು ನೋಟಿಸ್ ಬೋರ್ಡಿಗೆ ಅಂಟಿಸಿದರು. ಆ ನೋಟ ಕೆಲಸದ ಹೊತ್ತಿನ ಶೇ. 20 ಮೀರಬಾರದು ಎಂಬ ಸಾಲಿನ ಮೇಲೆ ಮಾತ್ರ ಅದು ಹೇಗೋ ಸೆಲ್ಲೋಟೇಪು ಬಿದ್ದಿತ್ತು. ಬ್ರೌನ್ ಕಲರಿನದ್ದು.

ನನ್ನನ್ನು ಕೇಳಿದರೆ, ಕೆಲಸ ಕದಿಯುವವನಿಗೆ ಇಂಟರ್ನೆಟ್ಟೇ ಬೇಕೆಂದಿಲ್ಲ. ಒಂದು ಕಿಟಕಿ ಸಾಕು. ಅದರಲ್ಲೂ ಮಡಿಕೇರಿಯ ಕಿಟಕಿಯಲ್ಲಿ ಮಂಜು ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಅದಕ್ಕೆ ಬೀಗ ಹಾಕುವ ಸಾಫ್ಟ್‌ವೇರ್ ಇನ್ನೂ ಬಂದಿಲ್ಲ.

ಮ್ಯಾನೇಜರ್ ಸಾರ್ ಮರದ ಮೇಲೂ ಕಣ್ಣಿಟ್ಟರು. 'ಆಫೀಸ್ ಟೈಮಲ್ಲಿ ಮನೆ ವಿಷಯ ಬೇಡ' ಎಂದು ಗಾಳಿಬೀಡಿನ ಅಕ್ಕನಿಗೆ ಎಲ್ಲರ ಎದುರೇ ಹೇಳಿದರು. ಅಕ್ಕ 'ಆಯ್ತು ಸಾರ್' ಅಂದು, ಸಾರ್ ಒಳಗೆ ಹೋದ ಕೂಡಲೇ ಕೊಡೆ ತೆಗೆದುಕೊಂಡರು.

ಅವತ್ತು ಮಳೆ ಬಿಟ್ಟೇ ಇರಲಿಲ್ಲ. ಇಂಥ ದಿನಗಳಲ್ಲಿ ಕೊಡಗಿನ ತಾಯಂದಿರ ಒಂದೇ ಪ್ರಶ್ನೆ: ಶಾಲೆಗೆ ರಜೆಯಾ? ಬೆಳಿಗ್ಗೆ ರಜೆ ಇರಲಿಲ್ಲ. ಮಧ್ಯಾಹ್ನ ಮಕ್ಕಳನ್ನು ಬೇಗ ಬಿಡುತ್ತೇವೆ, ಬಂದು ಕರೆದುಕೊಂಡು ಹೋಗಿ ಎಂದು ಶಾಲೆಯವರು ಪೋಷಕರ ಗ್ರೂಪಿಗೆ ಮೆಸೇಜ್ ಹಾಕಿದರು. ಅದು ಸಾರ್ ಫೋನಿಗೂ ಹೊರಟಿತ್ತು. ಆದರೆ ಸಾರ್ ಸ್ವಂತ ಕಾನೂನಿಗೆ ತಾವೂ ಬದ್ಧರು, ತಮ್ಮ ಫೋನಿಗೂ ವೈಫೈ ಹಾಕಿಕೊಂಡಿರಲಿಲ್ಲ. ಅಕ್ಕನ ಮಗಳೂ ಸಾರ್ ಮಗನೂ ಒಂದೇ ಶಾಲೆ. ಅಕ್ಕ ಮರದ ಕೆಳಗಿಂದಲೇ ಶಾಲೆಗೆ ಫೋನ್ ಮಾಡಿ, ತಮ್ಮ ಖಾಯಂ ಆಟೋದವರಿಗೂ ಹೇಳಿ, ಎರಡು ಮಕ್ಕಳನ್ನೂ ಆಫೀಸಿಗೆ ಕರೆಸಿಕೊಂಡರು.

ಮೀಟಿಂಗ್ ನಡೆಯುತ್ತಿತ್ತು. ವಿಷಯ: ಸಮಯಪಾಲನೆ. ಬಾಗಿಲು ತೆರೆದು ರೇನ್‌ಕೋಟಿನಿಂದ ನೀರು ಸುರಿಸುತ್ತಾ ಹುಡುಗ ಒಳಗೆ ಬಂದ. ಸಾರ್ ಗಾಬರಿಯಿಂದ ಎದ್ದರು. ಅಕ್ಕ ಹಿಂದಿನಿಂದ, 'ಏನಿಲ್ಲ ಸಾರ್, ಮನೆ ವಿಷಯ' ಅಂದರು. ಹುಡುಗ ಖಾಲಿಯಾದ ದೊಡ್ಡ ಕುರ್ಚಿ ಹತ್ತಿ ಕೂತ. ಮೇಜಿನ ಮೇಲಿದ್ದ ಅಪ್ಪನ ಫೋನ್ ಎತ್ತಿಕೊಂಡ.

'ಅಪ್ಪಾ, ಇಲ್ಲಿ ವೈಫೈ ಪಾಸ್‌ವರ್ಡ್ ಏನು?'

ಸಾರ್ ನಮ್ಮನ್ನು ನೋಡಿದರು. ನಾವು ಟೇಬಲ್ ನೋಡಿದೆವು. ಆಮೇಲೆ ಅವರು ಮಗನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು. ಹುಡುಗನಿಗೆ ಸ್ಪೆಲ್ಲಿಂಗ್ ಸರಿ ಗೊತ್ತಾಗಲಿಲ್ಲ. ಒಂದೊಂದೇ ಅಕ್ಷರ ಗಟ್ಟಿಯಾಗಿ ಕೇಳುತ್ತಾ ಹೋದ. ನಾಪೋಕ್ಲಿನಣ್ಣ ಸಮಯಪಾಲನೆಯ ನೋಟ್ಸ್ ತೆಗೆದುಕೊಳ್ಳುವವರಂತೆ ಬರೆದುಕೊಂಡರು.