ರಿಕವರಿ ರೈಡ್ ಅಂತ ಹೆಸರಿಟ್ಟು ರೇಸ್ ಹೊಡೆಯೋರಿಗೆ

ಸೋಮವಾರ ಬೆಳಗ್ಗೆ ಸ್ಟ್ರಾವಾ (ಸೈಕಲ್ ಸವಾರಿ ದಾಖಲಿಸಿ ಹಂಚ್ಕೊಳ್ಳೋ ಆ್ಯಪ್) ತೆಗೆದ್ರೆ ಒಂದ್ ತಮಾಷೆ ಗ್ಯಾರಂಟಿ. ಭಾನುವಾರ ನಂದಿ ಬೆಟ್ಟ ಹತ್ತಿ ಸುಸ್ತಾದವ್ರೇ "ರಿಕವರಿ ರೈಡ್" (ಅಂದ್ರೆ ಮೈ ಸುಧಾರಿಸ್ಕೊಳ್ಳೋಕೆ ನಿಧಾನಕ್ಕೆ ತುಳಿಯೋ ಸವಾರಿ) ಅಂತ ಹೆಸರು ಹಾಕಿ ಏರ್‌ಪೋರ್ಟ್ ರೋಡಲ್ಲಿ ಗಂಟೆಗೆ 32 ಕಿ.ಮೀ. ಆವರೇಜ್ ಹೊಡೆದಿರ್ತಾರೆ, ಕೆಳಗೆ "ಬೆಂಕಿ ಗುರು" ಅಂತ ಕಾಮೆಂಟ್ ಬೇರೆ. ಅದು ಯಾವ ಸೀಮೆ ರಿಕವರಿ ಸ್ವಾಮಿ?

ನನ್ ಪ್ರಕಾರ ಆಫೀಸು, ಮನೆ, ಟ್ರಾಫಿಕ್ಕು ಎಲ್ಲಾ ಇಟ್ಕೊಂಡು ಸೈಕಲ್ ತುಳಿಯೋ ನಮ್ಮಂಥವ್ರಿಗೆ ವಾರಕ್ಕೆ ಎರಡು ಗಟ್ಟಿ ಸೆಷನ್ ಧಾರಾಳ ಆಯ್ತು, ಮಿಕ್ಕಿದ್ದೆಲ್ಲ ನಾಚಿಕೆ ಆಗೋಷ್ಟು ನಿಧಾನ ಇರ್ಬೇಕು. ನಾವ್ ಮಾಡೋದು ಏನು? ದಿನಾ ಅರ್ಧಂಬರ್ಧ ಜೋರು. ಸುಸ್ತಂತೂ ಆಗುತ್ತೆ, ಕಾಲಿಗೆ ಶಕ್ತಿ ಮಾತ್ರ ಬರಲ್ಲ.

ಗಟ್ಟಿ ಅಂದ್ರೆ ಹೆಂಗಿರ್ಬೇಕು ಹೇಳ್ತೀನಿ. ನಂದಿ ಏರಲ್ಲಿ 8 ನಿಮಿಷದ ಇಂಟರ್ವಲ್ (ಬಿಟ್ಟು ಬಿಟ್ಟು ಜೋರಾಗಿ ತುಳಿಯೋ ಸುತ್ತು) ನಾಲ್ಕು, ಹಾರ್ಟ್ ರೇಟ್ ಮ್ಯಾಕ್ಸಿಮಮ್‌ನ 90% ಆಸುಪಾಸು, ಮಧ್ಯೆ ತಿರುಗಿಸ್ಕೊಂಡು ಆರಾಮಾಗಿ ಇಳಿಯೋದು. ಪಕ್ಕದವ್ನು ಏನಾದ್ರೂ ಕೇಳಿದ್ರೆ "ಹೂಂ" ಅನ್ನೋಕೂ ಉಸಿರಿರಲ್ಲ, ಬೆವರು ಮೂಗಿನ ತುದಿಯಿಂದ ಸೈಕಲ್ಲಿನ ಮೇಲಿನ ಕಂಬಿ ಮೇಲೆ ತೊಟ್ಟಿಕ್ತಿರುತ್ತೆ, ಮೂರನೇದ್ರಲ್ಲಿ ಕೈ ತಾನಾಗೇ ಗೇರ್ ಲಿವರ್ ಒತ್ತುತ್ತೆ, ಹಿಂದೆ ಇನ್ನೊಂದು ಗೇರ್ ಉಳಿದಿಲ್ಲ ಅಂತ ಗೊತ್ತಿದ್ರೂ. ನಾರ್ವೆಯಲ್ಲಿರೋ ವಿಜ್ಞಾನಿ ಸ್ಟೀಫನ್ ಸೀಲರ್ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಮ್ಮಂಥ ಹವ್ಯಾಸಿ ಸೈಕ್ಲಿಸ್ಟ್‌ಗಳ ಮೇಲೇ 4, 8, 16 ನಿಮಿಷದ ಇಂಟರ್ವಲ್‌ಗಳನ್ನ ಹೋಲಿಸಿ ನೋಡಿದ್ರು, ಜಾಸ್ತಿ ಲಾಭ ಕಂಡಿದ್ದು ಈ 8 ನಿಮಿಷದ ಗುಂಪಲ್ಲಿ. ಅದೇ ಮನುಷ್ಯ ಹೇಳೋದು, ಟಾಪ್ ಅಥ್ಲೀಟ್‌ಗಳ ಸೆಷನ್‌ಗಳಲ್ಲಿ ಸುಮಾರು 80% ಈಸಿ ಅಂತ. ನಾವು ಮೊದಲನೇದನ್ನ ಹಿಡ್ಕೊಂಡು ಎರಡನೇದನ್ನ ಬಿಟ್ವಿ.

ಇನ್ನು "ಲ್ಯಾಕ್ಟಿಕ್ ಆಸಿಡ್ ತುಂಬ್ಕೊಂಡಿದೆ, ಅದಕ್ಕೇ ಇವತ್ತು ಕಾಲು ನೋವು" ಅನ್ನೋ ಪುರಾಣ. ಜೋರಾಗಿ ತುಳಿದಾಗ ಹುಟ್ಟೋ ಆ ಲ್ಯಾಕ್ಟೇಟ್ ಒಂದೆರಡು ಗಂಟೆ ಒಳಗೇ ರಕ್ತದಿಂದ ಇಳಿದುಹೋಗಿರುತ್ತೆ ಮಾರಾಯ್ರೇ. ಮರುದಿನದ ನೋವು ಮಸಲ್ ಫೈಬರ್‌ಗೆ ಆದ ಸಣ್ಣ ಸಣ್ಣ ಪೆಟ್ಟಿಂದು. ಖಾಲಿಯಾದ ಗ್ಲೈಕೊಜೆನ್ (ಮಸಲ್ಲಲ್ಲಿ ಕೂಡಿಟ್ಟ ಸಕ್ಕರೆ ಇಂಧನ) ತುಂಬೋಕೆ ಚೆನ್ನಾಗಿ ತಿಂದ್ರೂ ಹೆಚ್ಚುಕಮ್ಮಿ ಒಂದಿಡೀ ದಿನ ಬೇಕು. ಹಂಗಿರೋವಾಗ ರೈಡ್ ಮುಗಿಸಿ ತೂಕ ಇಳಿಸ್ಬೇಕು ಅಂತ ಬರೀ ಬ್ಲ್ಯಾಕ್ ಕಾಫಿ ಕುಡ್ಕೊಂಡು ಮೀಟಿಂಗಿಗೆ ಕೂತ್ರೆ ಹೆಂಗೆ? ನಾಲ್ಕು ಇಡ್ಲಿ, ಎರಡು ಮೊಟ್ಟೆ, ಒಂದ್ ಬಾಳೆಹಣ್ಣು ತಿನ್ರಿ, ಮೊಟ್ಟೆ ಆಗಲ್ಲ ಅನ್ನೋರು ಪನೀರೋ ಮೊಳಕೆಕಾಳೋ ತಿನ್ರಿ. ಅದಕ್ಕೆ ಮೂರು ಸಾವಿರದ ಪ್ರೋಟೀನ್ ಪೌಡರ್ ಡಬ್ಬ ಬೇಕಿಲ್ಲ.

ನಿದ್ದೆ ವಿಷ್ಯಕ್ಕೆ ಬಂದ್ರೆ ನಂಗೆ ಸಿಟ್ಟೇ ಬರುತ್ತೆ. ರಾತ್ರಿ 12ಕ್ಕೆ ಲ್ಯಾಪ್‌ಟಾಪ್ ಮುಚ್ಚಿ 4ಕ್ಕೆ ಅಲಾರಂ ಇಟ್ಟು ರೈಡಿಗೆ ಹೆಬ್ಬಾಳಕ್ಕೆ ಬರೋದನ್ನ ಡೆಡಿಕೇಶನ್ ಅಂತಾರಲ್ಲ, ಅದು ಟ್ರೇನಿಂಗಿನ ಅರ್ಧಭಾಗವನ್ನ ಚರಂಡಿಗೆ ಸುರಿಯೋ ಕೆಲ್ಸ, ಯಾಕಂದ್ರೆ ರಿಪೇರಿ ಆಗೋದು ಮಲಗಿದ್ದಾಗ. ಅಂಥ ದಿನ ಇಂಟರ್ವಲ್ ಬಿಟ್ಟು ಮಲ್ಕೊಳಿ. ಎದ್ದ ತಕ್ಷಣ ನಾಡಿ ಹಿಡಿದು ನೋಡಿ, ಎಂದಿನದಕ್ಕಿಂತ ಏಳೆಂಟು ಬಡಿತ ಜಾಸ್ತಿ ಇದ್ದು ಜೊತೆಗೆ ಮೈ ಭಾರ ಇದ್ರೆ ಸೈಕಲ್ ಗೋಡೆಗೆ ಒರಗಿಸಿಡಿ. ಮಸಾಜ್ ಗನ್ ತಗೊಂಡೋರು ಬಯ್ಕೋಬೇಡಿ, ಹಾಯ್ ಅನ್ಸುತ್ತೆ ಒಪ್ತೀನಿ, ಆದ್ರೆ ನಿದ್ದೆ ಸಾಲ ಅದ್ರಲ್ಲಿ ತೀರಲ್ಲ.

ಈ ವಾರ ಗ್ರೂಪಲ್ಲಿ ಯಾರಾದ್ರೂ ಬುಧವಾರ ಈಸಿ ರೈಡ್ ಅಂತ ಹಾಕಿದ್ರೆ ನಾನೂ ಬರ್ತೀನಿ. ಕಂಡೀಷನ್ ಒಂದೇ, ಫ್ಲೈಓವರ್ ಹತ್ತೋವಾಗ ಯಾರೂ ಎದ್ದು ನಿಂತು ತುಳಿಯಂಗಿಲ್ಲ.