ಸ್ಪಷ್ಟನೆ: ‘ನೋವಾ’ ಕಾರು ಹೆಸರಿನಿಂದ ಸೋತಿಲ್ಲ

ಅನುವಾದದ ಎಡವಟ್ಟುಗಳ ಮಾತು ಬಂದಾಗೆಲ್ಲ ಒಂದು ಕತೆ ಬಂದೇ ಬರುತ್ತದೆ. ಷೆವ್ರೊಲೆ ಕಂಪನಿಯ ‘ನೋವಾ’ ಕಾರು ಲ್ಯಾಟಿನ್ ಅಮೆರಿಕದಲ್ಲಿ ಮಾರಾಟವೇ ಆಗಲಿಲ್ಲವಂತೆ. ಯಾಕಂದ್ರೆ ಸ್ಪ್ಯಾನಿಷ್‌ನಲ್ಲಿ ‘ನೋ ವಾ’ ಅಂದರೆ ‘ಹೋಗಲ್ಲ’. ಕೇಳೋಕೆ ಮಜವಾಗಿದೆ, ಆದರೆ ನಿಜವಲ್ಲ.

‘ನೋ ವಾ’ಗೆ ಆ ಅರ್ಥ ಇರುವುದು ಹೌದು. ಆದರೆ ಅದು ಎರಡು ಪದ, ಒತ್ತು ‘ವಾ’ ಮೇಲೆ ಬೀಳುತ್ತದೆ. ಕಾರಿನ ಹೆಸರಿನಲ್ಲಿ ಒತ್ತು ‘ನೋ’ ಮೇಲೆ. ‘ಮರಳು’ ಅಂದಾಗ ನಮಗೆ ‘ಮರ, ಅಳು’ ಅಂತ ಕೇಳಿಸುವುದಿಲ್ಲ, ಅಲ್ವಾ? ಅದೂ ಅಲ್ಲದೆ ಕಾರು ಸ್ಟಾರ್ಟ್ ಆಗದಿದ್ದರೆ ಸ್ಪ್ಯಾನಿಷ್ ಜನ ಹೇಳುವುದು ‘ನೋ ಅರ್ರಾಂಕಾ’ ಅಂತ.

ಥಟ್ಟನೆ ಬೆಳಗುವ ನಕ್ಷತ್ರಕ್ಕೆ ಸ್ಪ್ಯಾನಿಷ್‌ನಲ್ಲೂ ‘ನೋವಾ’ ಎಂದೇ ಹೆಸರು. ಮೆಕ್ಸಿಕೋದ ಸರ್ಕಾರಿ ತೈಲ ಕಂಪನಿ ಪೆಮೆಕ್ಸ್ ಅಂತೂ ತನ್ನ ಪೆಟ್ರೋಲನ್ನೇ ‘ನೋವಾ’ ಅಂತ ಮಾರುತ್ತಿತ್ತು. ‘ಹೋಗಲ್ಲ’ ಅನ್ನುವ ಪೆಟ್ರೋಲನ್ನು ಯಾರಾದರೂ ಸುಮ್ನೆ ಟ್ಯಾಂಕಿಗೆ ಹಾಕಿಸುತ್ತಾರಾ!

1970ರ ದಶಕದಲ್ಲಿ ಮೆಕ್ಸಿಕೋ, ವೆನೆಜುವೆಲಾಗಳಲ್ಲಿ ಈ ಕಾರು ಚೆನ್ನಾಗಿಯೇ ಓಡಿತು. ಆಮೇಲೆ ಹೆಸರನ್ನು ‘ಕರೀಬೆ’ ಅಂತ ಬದಲಿಸಿದರು ಎಂಬ ಬಾಲವೂ ಸುಳ್ಳು. ಅದು ಮೆಕ್ಸಿಕೋದಲ್ಲಿ ಫೋಕ್ಸ್‌ವ್ಯಾಗನ್ ಕಾರಿಗಿದ್ದ ಹೆಸರು.